ಕೂಸಿಗೆ ಏನು ತಿಳಿಯುತ್ತದೆ? ಅಂಗನವಾಡಿಯಲ್ಲಿ ನಾನು ಕಂಡಿದ್ದು

ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಊರಿನವರ ಬಾಯಲ್ಲಿ ಅಕ್ಕೋರು. ಇಲ್ಲಿ ನನ್ನ ಕಿವಿಗೆ ಜಾಸ್ತಿ ಬೀಳುವ ಮಾತೊಂದಿದೆ: ‘ಸಣ್ಣ ಕೂಸು ಬಿಡ್ರಿ ಅಕ್ಕೋರ, ಅದಕ್ಕೇನ್ ತಿಳಿತೈತಿ?’ ಕೂಸಿನ ಎದುರೇ ಜಗಳ ಆಡುವಾಗಲೂ ಇದೇ ಮಾತು. ಅದನ್ನು ಅಜ್ಜಿಯ ಹತ್ತಿರ ಬಿಟ್ಟು ಗುಳೆ ಹೊರಡುವಾಗಲೂ ಇದೇ ಮಾತು. ನನಗೆ ಇದು ಸರಿ ಅನ್ನಿಸುತ್ತಿರಲಿಲ್ಲ. ಮಕ್ಕಳ ಅರಿವಿನ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳ ಬಗ್ಗೆ ಓದಿಕೊಂಡೆ. ಅವನ್ನೇ ನಮ್ಮಲ್ಲಿರುವ ಸಾಮಾನಿನಲ್ಲಿ ಆಟದ ಹಾಗೆ ಮಾಡಿ ನೋಡಿದೆ.

ಹುಟ್ಟಿದ ಕೂಸಿಗೂ ಅರಿವಿದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಅವ್ವನ ದನಿ ಬೇರೆ, ಉಳಿದವರ ದನಿ ಬೇರೆ. ಕೂಸು ಅವ್ವನ ದನಿಯನ್ನೇ ಬಯಸುತ್ತದೆ ಅಂತ 1980ರಲ್ಲೇ ತೋರಿಸಿದ್ದಾರೆ. ಬಾಣಂತಿ ಇರುವ ಮನೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಇದು ನಾನು’ ಅನ್ನೋದು ತಿಳಿಯಲು ಮಾತ್ರ ಇನ್ನೂ ಸಮಯ ಬೇಕು.

ಅದನ್ನು ನೋಡೋಕೆ ಹೆಸರಾದದ್ದು ಕನ್ನಡಿಯ ಪರೀಕ್ಷೆ. 1970ರಲ್ಲಿ ಮನೋವಿಜ್ಞಾನಿ ಗಾರ್ಡನ್ ಗ್ಯಾಲಪ್ ಇದನ್ನು ಚಿಂಪಾಂಜಿಗಳ ಮೇಲೆ ಮಾಡಿದರು, 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಅವರ ಮಕ್ಕಳ ಅಧ್ಯಯನ ಬಂತು. ಕೂಸಿಗೆ ಗೊತ್ತಾಗದ ಹಾಗೆ ಮೂಗಿಗೆ ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಡುತ್ತಾರೆ. ಕೂಸು ಕನ್ನಡಿಯನ್ನು ಬಿಟ್ಟು ತನ್ನ ಮೂಗನ್ನೇ ಮುಟ್ಟಿಕೊಂಡರೆ, ಅಲ್ಲಿ ಕಾಣುವುದು ತಾನೇ ಅಂತ ತಿಳಿದಿದೆ ಎಂದರ್ಥ. ಒಂದೂವರೆಯಿಂದ ಎರಡು ವರ್ಷದೊಳಗೆ ಇದು ಬರುತ್ತದೆ ಅನ್ನೋದು ಅಲ್ಲಿಯ ಲೆಕ್ಕ.

ಆದರೆ ನಮ್ಮ ಮಕ್ಕಳ ಮುಖ ನೋಡಿ. ಕೆನ್ನೆಗೆ ದೃಷ್ಟಿ ಬೊಟ್ಟು, ಹಣೆಗೆ ವಿಭೂತಿ. ಮುಖದ ಮೇಲೊಂದು ಗುರುತು ಇರೋದು ಇವರಿಗೆ ದಿನದ ಸಂಗತಿ, ಅದನ್ನು ಯಾಕೆ ಮುಟ್ಟಿ ನೋಡುತ್ತಾರೆ? ಅದಕ್ಕೇ ನಾನು ಬಣ್ಣ ಹಚ್ಚಲಿಲ್ಲ. ತಲೆ ಬಾಚುವ ನೆಪದಲ್ಲಿ ಮುಂಗೂದಲಿಗೆ ಹಳದಿ ಕಾಗದದ ಚೂರು ಸಿಕ್ಕಿಸಿದೆ. ಒಂದು ಕೂಸು ಕನ್ನಡಿಯ ಹಿಂದೆ ಯಾರಿದ್ದಾರೆ ಅಂತ ಬಗ್ಗಿ ನೋಡಿತು. ಇನ್ನೊಂದು ಚಕ್ಕನೆ ತಲೆಗೆ ಕೈ ಹಾಕಿ ಚೂರನ್ನು ಕಿತ್ತಿತು. ಮತ್ತೊಂದು ಕನ್ನಡಿ ನೋಡಿ, ನನ್ನ ಮುಖ ನೋಡಿ, ಸುಮ್ಮನೆ ನಿಂತಿತು. ಈ ಮೂರನೆಯದಕ್ಕೆ ತಿಳಿಯಲಿಲ್ಲ ಅಂತ ನಾನಂತೂ ಬರೆದುಕೊಳ್ಳಲಾರೆ. ದೊಡ್ಡವರು ಇಟ್ಟದ್ದನ್ನು ಕೇಳದೆ ತೆಗೆಯಬಾರದು ಅಂತ ಮನೆಯಲ್ಲಿ ಕಲಿತ ಕೂಸು ಇರಬಹುದು, ಅಲ್ವಾ?

ನನಗೆ ಹಿಡಿಸಿದ್ದು ಕನ್ನಡಿ ಬೇಡದ ಇನ್ನೊಂದು ಆಟ. ಕೂಸನ್ನು ಒಂದು ಬಟ್ಟೆಯ ಮೇಲೆ ನಿಲ್ಲಿಸಿ, ಅದೇ ಬಟ್ಟೆಯನ್ನು ಕೇಳುವುದು. ನಮ್ಮಲ್ಲಿ ಕೌದಿಗೇನು ಬರ? ತಾಯಂದಿರು ತೂಕ ಮಾಡಿಸಲು ಬರುವ ದಿನ ನೆಲಕ್ಕೆ ಸಣ್ಣ ಕೌದಿ ಹಾಸಿದೆ. ಹದಿನಾಲ್ಕು ತಿಂಗಳ ಹುಡುಗ ಅದರ ಮೇಲೆ ನಿಂತಿದ್ದ. ‘ಕೌದಿ ಕೊಡಪ್ಪಾ’ ಅಂದೆ. ಬಗ್ಗಿ ಅಂಚು ಹಿಡಿದು ಎಳೆದ. ಬರಲಿಲ್ಲ. ಎರಡೂ ಕೈಯಿಂದ ಎಳೆದ. ಮುಖ ಕೆಂಪಾಯಿತು, ಕೌದಿಯ ಮೇಲೇ ಸಿಟ್ಟು ಬಂತು. ಅವರಜ್ಜಿ ಎತ್ತಿಕೊಳ್ಳಲು ಎದ್ದರು. ‘ಯಮ್ಮಾ, ಸ್ವಲ್ಪ ತಡಿ’ ಅಂದೆ. ಅವನು ಕೊನೆಗೆ ಕೌದಿ ಬಿಟ್ಟು ಅಳುತ್ತಾ ಅಜ್ಜಿಯ ಕಡೆ ಹೋದ. ಅದೇ ದಿನ, ಎರಡು ವರ್ಷಕ್ಕೆ ಹತ್ತಿರವಾದ ಹುಡುಗಿಯೂ ಮೊದಲು ಹಾಗೇ ಎಳೆದಳು. ಆಮೇಲೆ ಎಳೆಯುವುದನ್ನು ನಿಲ್ಲಿಸಿ ತನ್ನ ಪಾದಗಳನ್ನು ನೋಡಿದಳು. ಪಕ್ಕಕ್ಕೆ ಸರಿದು ನೆಲದ ಮೇಲೆ ನಿಂತಳು. ಕೌದಿಯನ್ನು ಬಾಚಿ ತಂದು ನನ್ನ ಮಡಿಲಿಗೆ ಹಾಕಿದಳು. ಅಡ್ಡ ಬಂದದ್ದು ತನ್ನ ಮೈಯೇ ಅಂತ ಅವಳಿಗೆ ಹೊಳೆದಿತ್ತು. ನನ್ನ ಮೈ ಜುಮ್ಮೆಂದಿತು.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಕಾಟ್ಲೆಂಡ್, ಟರ್ಕಿ, ಜಾಂಬಿಯಾ ದೇಶಗಳ ಮಕ್ಕಳಿಗೆ ಕನ್ನಡಿ ಪರೀಕ್ಷೆಯ ಜೊತೆಗೆ ಇಂಥದ್ದೇ ಒಂದು ಪರೀಕ್ಷೆಯನ್ನೂ ಮಾಡಿದ್ದರು. ಕನ್ನಡಿಯಲ್ಲಿ ಸ್ಕಾಟ್ಲೆಂಡಿನ ಮಕ್ಕಳು ಮುಂದು, ಮೈ ಅಡ್ಡ ಬರುವ ಆಟದಲ್ಲಿ ಜಾಂಬಿಯಾದ ಮಕ್ಕಳು ಮುಂದು. ಅಂದರೆ ‘ನಾನು’ ಅನ್ನುವ ಅರಿವು ಕೂಸು ಬೆಳೆದ ಮನೆಯ ದಾರಿ ಹಿಡಿದೇ ಬರುತ್ತದೆ. ಒಂದೇ ಅಳತೆಗೋಲು ಹಿಡಿದು ನಮ್ಮ ಮಕ್ಕಳು ಹಿಂದೆ ಅನ್ನುವುದು ಅನ್ಯಾಯ.

ಮೂರು ದಾಟಿದವರಿಗೆ ಗೊಂಬೆಯಾಟ. ಕಿನ್ನಾಳ ನಮಗೆ ದೂರ ಏನಲ್ಲ, ಅಲ್ಲಿಯ ಎರಡು ಮರದ ಗೊಂಬೆ ನನ್ನ ಹತ್ತಿರ ಇವೆ. ಗೌರಿ ಬೆಲ್ಲವನ್ನು ಡಬ್ಬಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಬಸ್ಯಾ ಅದನ್ನು ಬುಟ್ಟಿಗೆ ಹಾಕುತ್ತಾನೆ. ‘ಗೌರಿ ಬಂದು ಎಲ್ಲಿ ಹುಡುಕ್ತಾಳ?’ ಮೂರು ವರ್ಷದವರು ಬುಟ್ಟಿ ತೋರಿಸಿದರು. ಐದರ ಹತ್ತಿರದ ಹುಡುಗನೊಬ್ಬ, ‘ಡಬ್ಬ್ಯಾಗ್ರಿ. ಪಾಪ, ಅಕಿ ನೋಡೇ ಇಲ್ಲಲ್ರೀ’ ಅಂದ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಎಂಬ ಮನೋವಿಜ್ಞಾನಿಗಳು ಚಾಕೊಲೇಟಿನ ಕಥೆ ಹೇಳಿ ಇದನ್ನೇ ಕೇಳಿದ್ದರು. ಬೇರೆಯವರ ತಲೆಯಲ್ಲಿ ಇರೋದು ನನಗೆ ಗೊತ್ತಿರುವುದಕ್ಕಿಂತ ಬೇರೆ ಅಂತ ತಿಳಿಯೋದು ಸಾಮಾನ್ಯವಾಗಿ ನಾಲ್ಕರ ಆಸುಪಾಸಿನಲ್ಲಿ.

ಇದನ್ನು ಫೋನಿನಲ್ಲೂ ಕಾಣಬಹುದು. ಬೆಂಗಳೂರಿಗೆ ದುಡಿಯಲು ಹೋದ ಅವ್ವನ ಕರೆ ಬಂದಾಗ ಮೂರು ವರ್ಷದ ಹುಡುಗಿ ‘ನೋಡಬೇ ಯವ್ವಾ’ ಅಂತ ಹೊಸ ಬಳೆಯನ್ನು ಫೋನಿಗೆ ತೋರಿಸುತ್ತಾಳೆ. ವಿಡಿಯೊ ಅಲ್ಲ, ಬರೀ ಮಾತಿನ ಕರೆ. ಇದಕ್ಕೆ ನಾವು ನಗುತ್ತೇವೆ. ನಗಬಾರದು. ಅವ್ವನಿಗೆ ಏನು ಕಾಣುತ್ತದೆ ಅನ್ನುವ ಲೆಕ್ಕ ಅವಳಲ್ಲಿ ಇನ್ನೂ ಕೂಡುತ್ತಿದೆ. ‘ಅವ್ವಗ ಕಾಣಂಗಿಲ್ಲ, ಯಾವ ಬಣ್ಣ ಹೇಳು’ ಅಂದರೆ ಸಾಕು, ಅವಳು ಹೇಳಲು ಶುರು ಮಾಡುತ್ತಾಳೆ.

ಈಗ ನಾನು ಅಜ್ಜಿಯರಿಗೆ ಒಂದು ಕೆಲಸ ಹೇಳಿದ್ದೇನೆ. ರಾತ್ರಿ ಮಲಗುವಾಗ ಕೂಸಿನ ಜೊತೆ ಆವತ್ತಿನದನ್ನು ನೆನಪು ಮಾಡಿಕೊಂಡು ಮಾತಾಡಿ: ಯಾರು ಬಂದಿದ್ದರು, ಏನು ತಿಂದೆ, ಯಾಕೆ ಅತ್ತೆ. ಹೀಗೆ ಬಿಡಿಸಿ ಬಿಡಿಸಿ ಮಾತಾಡುವ ಮನೆಯ ಮಕ್ಕಳಲ್ಲಿ ತಮ್ಮ ಬಗೆಗಿನ ನೆನಪು ಹೆಚ್ಚು ತುಂಬಿಕೊಂಡಿರುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಗುಳೆ ಹೋಗುವವರಿಗೂ ಹೇಳುತ್ತೇನೆ, ಕದ್ದು ಹೋಗಬೇಡಿ, ಕೂಸಿಗೆ ಹೇಳಿಯೇ ಹೋಗಿ.

ತಾಯಂದಿರಿಗೆ ಇನ್ನೊಂದು ಮಾತು. ವರ್ಷ ತುಂಬುವ ಹೊತ್ತಿಗೆ ಕೂಸು ಕಾಗೆಯ ಕಡೆ ಬೆರಳು ತೋರಿಸಿ, ತಿರುಗಿ ನಿಮ್ಮ ಮುಖ ನೋಡುತ್ತದಾ ಅಂತ ಗಮನಿಸಿ. ತಾನು ಕಂಡದ್ದನ್ನು ನೀವೂ ಕಾಣಬೇಕು ಅನ್ನುವ ಆಸೆ ಅದು. ಒಂದೂವರೆ ವರ್ಷವಾದರೂ ಹೀಗೆ ತೋರಿಸುತ್ತಿಲ್ಲ, ಹೆಸರು ಕೂಗಿದರೆ ತಿರುಗುತ್ತಿಲ್ಲ ಅಂದರೆ ‘ಮುಂದ ಸರಿ ಹೋಗ್ತೈತಿ’ ಅಂತ ಕಾಯಬೇಡಿ. ಕಿವಿ ಕೇಳದಿದ್ದರೂ ಹೀಗಾಗಬಹುದು. ಮಕ್ಕಳನ್ನು ತಪಾಸಣೆ ಮಾಡಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬರುತ್ತದೆ, ತಪಾಸಣೆಗೆ ದುಡ್ಡಿಲ್ಲ. ಅಲ್ಲಿಯ ತನಕ ಕಾಯುವುದು ಬೇಡ ಅನ್ನಿಸಿದರೆ ನಿಮ್ಮ ಅಂಗನವಾಡಿ ಅಕ್ಕೋರಿಗೋ ಆಶಾ ಕಾರ್ಯಕರ್ತೆಗೋ ಇವತ್ತೇ ಹೇಳಿ.