ದಣಪೆ ಎಲ್ಲಿ ಕಟ್ಟಬೇಕು

ನಮ್ಮ ಮನೆಯ ಹಿತ್ತಿಲ ಬಾಗಿಲು ದಾಟಿದರೆ ಮೊದಲು ಕೊಟ್ಟಿಗೆ, ಕೊಟ್ಟಿಗೆಯಾಚೆ ಬೇಣ ಅಂದರೆ ದನ ಮೇಯುವ ಹುಲ್ಲುಗಾವಲು, ಬೇಣದ ತುದಿಗೆ ಕಾನು ಅಂದರೆ ದಟ್ಟ ಹಸಿರು ಕಾಡು. ಇವೆರಡರ ನಡುವೆ ದಣಪೆ, ಅಂದರೆ ದನ ತಡೆಯುವ ಅಡ್ಡ ಗಳುಗಳ ಬಾಗಿಲು, ಯಾಕೆ ಬೇಕೆಂದು ನಾನು ಕಲಿತದ್ದು ತಡವಾಗಿ. ತೋಟ ಮನೆಯ ಮುಂದೆ, ಕೆಳಗೆ ಕಣಿವೆಯಲ್ಲಿ. ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ಹಳೆಯ ಮನೆಗಳು ಹೆಚ್ಚುಕಡಿಮೆ ಇದೇ ರೀತಿ ಕೂತಿವೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಶಿರಸಿ, ಸೋಂದೆ ಕಡೆ ಸುತ್ತಾಡಿದಾಗಲೇ ಇಲ್ಲಿನ ಕಾಡಿನ ಕಾಳುಮೆಣಸು ಅವನ ಕಣ್ಣಿಗೆ ಬಿದ್ದಿತ್ತು. ಬ್ರಿಟಿಷರ ಕಾಲದಲ್ಲಿ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಸಿಕ್ಕಿತು. ಜಾಗ ಸರ್ಕಾರದ್ದು, ಸೊಪ್ಪು, ದರಕು (ಒಣ ಎಲೆ), ಮೇವಿನ ಸೌಲಭ್ಯ ಮಾತ್ರ ನಮ್ಮದು.

ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ನಾನು ವಾಪಸು ಬಂದಾಗ ಅಪ್ಪಯ್ಯ ಇರಲಿಲ್ಲ. ಕೊಟ್ಟಿಗೆಯಲ್ಲಿ ಒಂದೇ ಒಂದು ಮಲೆನಾಡು ಗಿಡ್ಡ ತಳಿಯ ದನ, ಆಯಿ (ಅಮ್ಮ) ಸಾಕಿಕೊಂಡಿದ್ದ ಗಂಗೆ. ಮನೆ ಸೋರುತ್ತಿತ್ತು. ಮೊದಲ ಮಳೆಗಾಲದಲ್ಲೇ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದೆ. ಎರಡನೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಉಬ್ಬಿತು. ಒಳಗಿನ ತಂಡಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಅಷ್ಟನ್ನೂ ಕೆರೆಸಿ ಮಣ್ಣು, ಸುಣ್ಣಕ್ಕೇ ಮರಳಿದೆ. ಮನೆಯ ಕಥೆ ಇಷ್ಟೇ. ಹೆಂಚು ಕೈಯಾಡಿಸುವವರು ಸಿಕ್ಕಿದರೆ ಉಳಿದದ್ದು ಕಷ್ಟವಲ್ಲ. ನನ್ನನ್ನು ನಿಜವಾಗಿ ಸತಾಯಿಸಿದ್ದು ಬೇಣ.

ಆಗ ನನ್ನ ತಲೆಯಲ್ಲಿದ್ದದ್ದು ಹಸಿರು ಅಂದರೆ ಮರ ಎಂಬ ಲೆಕ್ಕ. 1983ರಲ್ಲಿ ಶಿರಸಿ ಕಡೆಯ ಸಲ್ಕಣಿಯ ಜನ ಕಡಿತ ತಡೆಯಲು ಮರ ಅಪ್ಪಿ ನಿಂತ ಅಪ್ಪಿಕೋ ಚಳವಳಿಯ ಕಥೆ ಕೇಳಿ ಬೆಳೆದವ ನಾನು. ಬೋಳು ಹುಲ್ಲುಗಾವಲು ನೋಡಿದರೆ ಏನೋ ತಪ್ಪಾಗಿದೆ ಅನ್ನಿಸುತ್ತಿತ್ತು. ಸುತ್ತ ತಂತಿ ಎಳೆಸಿ, ಊರ ದನ ಬಾರದಂತೆ ಮಾಡಿ, ನರ್ಸರಿಯಿಂದ ಮುನ್ನೂರು ಕಾಡುಸಸಿ ತಂದು ಬೇಣದಲ್ಲಿ ನೆಡಿಸಿದೆ. ಗುಂಡಿ ತೋಡುವಾಗಲೇ ಹಾರೆ ಠಣ್ ಅನ್ನುತ್ತಿತ್ತು. ಒಂದು ಗೇಣಿನ ಕೆಳಗೆ ಬರೀ ಜಂಬಿಟ್ಟಿಗೆ. ಏಪ್ರಿಲ್ ಹೊತ್ತಿಗೆ ಮುನ್ನೂರರಲ್ಲಿ ಉಳಿದದ್ದು ಇಪ್ಪತ್ತೋ ಇಪ್ಪತ್ತೆರಡೋ.

ಸಸಿ ಸತ್ತರೂ ಜಾಗ ಖಾಲಿ ಉಳಿಯಲಿಲ್ಲ. ಮೂರೇ ವರ್ಷದಲ್ಲಿ ಯುಪಟೋರಿಯಂ ಎಂಬ ಕಳೆ ಎದೆಮಟ್ಟ ಬಂತು, ಆಚೆಯ ನೆಡುತೋಪಿನಿಂದ ಅಕೇಶಿಯಾ ಬೀಜ ಬಂದು ಮೊಳೆಯಿತು. ಮೇಯದ ಹುಲ್ಲು ಒಣಗಿ ಅಡಿಗೆ ಬಿದ್ದು, ಫೆಬ್ರವರಿಯಲ್ಲಿ ಯಾರೋ ಎಸೆದ ಬೀಡಿಗೆ ಹೊತ್ತಿಕೊಂಡು ಕಾನಿನ ಅಂಚಿನವರೆಗೂ ಉರಿಯಿತು. ಬೆಂಕಿ ಆರಿಸಲು ಬಂದ ದೊಡ್ಡಪ್ಪ ಹಸಿ ಸೊಪ್ಪಿನ ಕೊಂಬೆ ಕೆಳಗಿಟ್ಟು ಹೇಳಿದ್ದು ಒಂದೇ ಮಾತು: "ದನ ಬಿಡ್ದೇ ಹೋದ್ರೆ ಬೇಣ ಉಳಿತಿಲ್ಲೆ ತಮಾ, ಹಕ್ಕಲಾಗ್ತು." ಹಕ್ಕಲು ಅಂದರೆ ಪೊದೆ ಬೆಳೆದ ಪಾಳು.

ಆ ವರ್ಷವೇ ನಾಲ್ಕು ಗಿಡ್ಡ ತಂದೆ. ಈಗ ಕರು ಸೇರಿ ಒಂಬತ್ತು. ಹಾಲಿನ ಲೆಕ್ಕ ಹಾಕುವವರು ಇವುಗಳ ತಂಟೆಗೆ ಬರಬೇಡಿ: ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ದೊಡ್ಡದು. ಆದರೆ ಮೂರಡಿ ಎತ್ತರದ ಈ ದನ ಗುಡ್ಡದ ಇಳಿಜಾರಿನಲ್ಲಿ ಮೇಕೆಯಂತೆ ಹತ್ತಿ ಮೇಯುತ್ತದೆ, ಮಳೆಗೆ ಅಂಜುವುದಿಲ್ಲ, ನನಗೆ ಬೇಕಾದ ಗೊಬ್ಬರ ಕೊಡುತ್ತದೆ.

ಬೇಣವನ್ನು ಮೂರು ತುಂಡು ಮಾಡಿದೆ. ತಂತಿಯ ಕಂಬ ಲಡ್ಡಾದ ಕಡೆಗಳಲ್ಲಿ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ಊರಿದೆ. ಬೇಲಿಯೂ ಆಯಿತು, ಸೊಪ್ಪೂ ಆಯಿತು. ಮಳೆಗಾಲದಲ್ಲಿ ಎರಡು ತುಂಡಿನಲ್ಲಿ ಸರದಿಯಂತೆ ಮೇವು. ಮೂರನೆಯದಕ್ಕೆ ದೀಪಾವಳಿ ಮುಗಿಯುವ ತನಕ ದನ ಬಿಡುವುದಿಲ್ಲ. ಹುಲ್ಲು ಬೀಜ ಉದುರಿಸಿದ ಮೇಲೆ ಕರಡ (ಒಣಹುಲ್ಲು) ಕೊಯ್ದು ಬೇಸಿಗೆಗೆ ಒಟ್ಟುತ್ತೇವೆ. ಮರುವರ್ಷ ಈ ಸರದಿ ಬೇರೆ ತುಂಡಿಗೆ. ಯುಪಟೋರಿಯಂ ಅನ್ನು ದನ ತಿನ್ನುವುದಿಲ್ಲ, ಅದು ಕೈಕೆಲಸವೇ. ಹೂವಾಗುವ ಮುಂಚೆ, ನೆಲ ಇನ್ನೂ ಮೆತ್ತಗಿರುವಾಗ ಬುಡಸಮೇತ ಕೀಳಬೇಕು. ಕತ್ತಿಯಲ್ಲಿ ಸವರಿದರೆ ಎರಡರಷ್ಟು ಚಿಗುರುತ್ತದೆ. ನಾನು ಎರಡು ವರ್ಷ ಸವರಿ ಕೂಲಿ ದಂಡ ಮಾಡಿದೆ.

ಕಾನಿನ ಕಡೆ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ದನ ಹೋಗಲೇಬಾರದು. ನಮ್ಮ ಕುಡಿಯುವ ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಇಳಿಯುವ ನೀರು, ಹುಟ್ಟುವುದು ಒಳಗಿನ ರಾಂಪತ್ರೆ ಜಡ್ಡಿಯಲ್ಲಿ, ಅಂದರೆ ಕಾಡುಜಾಯಿಕಾಯಿ ಮರಗಳ ಜೌಗಿನಲ್ಲಿ. ನಮ್ಮ ತಾಲೂಕಿನ ಕತ್ತಲೆಕಾನಿನ ಜಡ್ಡಿಯನ್ನು ನೋಡಿದವರಿಗೆ ಗೊತ್ತು: ಸದಾ ಒದ್ದೆಯಾದ ಕಪ್ಪು ಕೆಸರು, ಅದರಿಂದ ಮಂಡಿ ಮಡಚಿದಂತೆ ಮೇಲೆದ್ದ ಬೇರುಗಳು. ಕೆಸರಿನಲ್ಲಿ ಉಸಿರಾಡಲು ಬೇರು ಮಾಡಿಕೊಂಡ ಉಪಾಯ ಅದು. ಬೇಸಿಗೆಯಲ್ಲಿ ದನ ತಂಪಿಗೆಂದು ಅಲ್ಲಿಗೇ ಹೋಗಿ ಮಲಗುತ್ತಿದ್ದವು. ಸಸಿಯೆಲ್ಲ ಗೊರಸಿನಡಿ. ದೊಡ್ಡ ಮರದ ಕೆಳಗೆ ಒಂದೂ ಮರಿಯಿರಲಿಲ್ಲ.

ಹಾಗಾಗಿ ಬೇಣದ ಮೇಲ್ತುದಿಯಲ್ಲಿ ಅಗಳ (ಕಂದಕ) ತೋಡಿಸಿ, ಅಡ್ಡ ಗಳು ಹಾಕುವ ದಣಪೆ ಕಟ್ಟಿದೆ. ಬೇಣದಲ್ಲೇ ಕುಡಿಯುವ ನೀರಿಲ್ಲದಿದ್ದರೆ ಯಾವ ದಣಪೆಯೂ ದನವನ್ನು ತಡೆಯುವುದಿಲ್ಲ ಎಂದು ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು. ಪೈಪಿನಲ್ಲಿ ಅಬ್ಬಿ ನೀರು ಇಳಿಸಿ ಕಲ್ಲಿನ ಬಾನಿ ತುಂಬಿಸಿದ ಮೇಲೆ ಜಗಳ ನಿಂತಿತು.

ಜಡ್ಡಿಯಲ್ಲಿ ಸಸಿ ಎಬ್ಬಿಸುವಾಗಲೂ ಪೆಟ್ಟು ತಿಂದೆ. ರಾಂಪತ್ರೆ ಬೀಜ ಆಯ್ದು, ಅಡಿಕೆಯಂತೆ ಒಣಗಿಸಿ, ತಿಂಗಳು ಬಿಟ್ಟು ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಕಾನಿನ ಇಂಥ ಬೀಜ ಒಣಗಿತೆಂದರೆ ಸತ್ತಿತೆಂದೇ ಅರ್ಥ. ಮುಂದಿನ ಸಲ ಆಯ್ದ ವಾರದಲ್ಲೇ ಮರದ ನೆರಳಿನಲ್ಲಿ ದರಕಿನ ಕೆಳಗೆ ಹುಗಿದೆ. ಈಗ ಮೊಣಕಾಲೆತ್ತರದವು ಅರವತ್ತರ ಮೇಲಿವೆ. ಬೀಜ ಸುತ್ತಿದ ಪತ್ರೆಯ ಆಸೆಗೆ ಟೊಂಗೆ ಕಡಿಯುವುದು ನಿಂತಿದ್ದರಿಂದ ಹಣ್ಣು ತಿನ್ನುವ ಮಂಗಟ್ಟೆ ಹಕ್ಕಿಗಳೂ ಬರುತ್ತಿವೆ. ನನಗಿಂತ ಚೆನ್ನಾಗಿ ಅವೇ ಬಿತ್ತುತ್ತವೆ.

ಒಂದು ಎಚ್ಚರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಸೀಮೆಯಲ್ಲೂ ಆಗಾಗ ತಲೆ ಎತ್ತುತ್ತದೆ. ಅದನ್ನು ಹರಡುವ ಉಣುಗು (ಉಣ್ಣೆ) ಬೆಳೆಯುವುದು ಕಾಡಂಚಿನಲ್ಲಿ, ದನದ ರಕ್ತ ಕುಡಿದು. ಅಂದರೆ ನಾನು ದಿನಾ ಓಡಾಡುವ ಜಾಗದಲ್ಲೇ. ಡಿಸೆಂಬರ್‌ನಿಂದ ಮೇ ತನಕ ದರಕು ತರಲು ಹೋಗುವವರೆಲ್ಲ ಕೈಕಾಲಿಗೆ ಎಣ್ಣೆ ಹಚ್ಚಿ, ಉದ್ದ ಅಂಗಿ ತೊಟ್ಟೇ ಹೋಗಬೇಕು, ಬಂದಕೂಡಲೇ ಬಿಸಿನೀರ ಸ್ನಾನ ಎಂಬುದು ಆಯಿಯ ಕಟ್ಟುನಿಟ್ಟು. ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಹೋದ ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಗಂಗೆಯ ಮೊಮ್ಮಗಳಿಗೆ ಅಡಿಕೆ ಸರ ಕಟ್ಟಿ ಬಿಟ್ಟೆವು. ಮಕ್ಕಳು ಸರ ಹರಿಯಲು ಬೆನ್ನಟ್ಟಿದರು. ಅದು ನೆಗೆದು ನಾನು ಕಟ್ಟಿದ ದಣಪೆಯನ್ನೇ ಮುರಿದು ಕಾನಿಗೆ ನುಗ್ಗಿತು. ಈ ಸಲ ಅಡ್ಡ ಗಳುಗಳನ್ನು ಬಿದಿರಿನ ಬದಲು ಹಲಸಿನಲ್ಲಿ ಮಾಡಿಸಿದ್ದೇನೆ.