ಎಂಪಿಎಚ್‌ಗೆ ಸೇರುವ ಮುನ್ನ: ಮೈಸೂರು, ಮಂಡ್ಯದವರು ಕೆಲಸದ ಲೆಕ್ಕ ಹಾಕುವ ಬಗೆ

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಎಂಪಿಎಚ್ ಸಾಮಾನ್ಯವಾಗಿ ಎರಡು ವರ್ಷದ ಓದು. ಓದಿದ ಮೇಲೆ ಸಿಗುವ ಕೆಲಸವನ್ನು ಆ ಪದವಿಯೊಂದೇ ತೀರ್ಮಾನಿಸುವುದಿಲ್ಲ. ಅದಕ್ಕೂ ಮೊದಲು ನೀವು ಓದಿದ್ದೇನು ಎಂಬುದು ಅಷ್ಟೇ ತೂಗುತ್ತದೆ. ಹೀಗಾಗಿ ಕಾಲೇಜಿನ ಮಾಹಿತಿ ಪುಸ್ತಕ ಆಮೇಲೆ, ನೇಮಕಾತಿ ಅಧಿಸೂಚನೆ ಮೊದಲು.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳಿಗೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ ಅಧಿಸೂಚನೆ ಹೊರಡಿಸುತ್ತದೆ. ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳ ಅಧಿಕೃತ ಜಾಲತಾಣದ ನೇಮಕಾತಿ ಪುಟ ತೆರೆದು ಹಳೆಯವನ್ನೂ ಸೇರಿಸಿ ಹತ್ತು ಅಧಿಸೂಚನೆ ಒಟ್ಟು ಮಾಡಿ. ಒಂದು ಹಾಳೆಯಲ್ಲಿ ಆರು ಕಲಂ ಎಳೆಯಿರಿ: ಹುದ್ದೆ, ಕೇಳಿರುವ ಮೂಲ ಪದವಿ, ಸ್ನಾತಕೋತ್ತರ ಪದವಿ, ಅನುಭವದ ವರ್ಷ, ವಯೋಮಿತಿ, ತಿಂಗಳ ವೇತನ. ಜಿಲ್ಲಾ ಎಪಿಡೆಮಿಯಾಲಜಿಸ್ಟ್ (ಸಾಂಕ್ರಾಮಿಕ ರೋಗಶಾಸ್ತ್ರ ತಜ್ಞ), ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕ, ಗುಣಮಟ್ಟ ಸಲಹೆಗಾರ, ಕ್ಷಯರೋಗ ಕಾರ್ಯಕ್ರಮದ ಸಂಯೋಜಕ ಇಂಥ ಹುದ್ದೆಗಳನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ಎಂಪಿಎಚ್ ಎಂಬ ಪದ ಕಂಡ ಕೂಡಲೇ ಹಿಗ್ಗಬೇಡಿ. ಅದರ ಹಿಂದೆ 'ವೈದ್ಯಕೀಯ ಪದವಿಯೊಂದಿಗೆ' ಎಂದಿದೆಯೋ, 'ಜೀವವಿಜ್ಞಾನ ಪದವಿಯೊಂದಿಗೆ' ಎಂದಿದೆಯೋ ನೋಡಿ. ಬಿ.ಎಸ್ಸಿ. ನಂತರ ಎಂಪಿಎಚ್ ಮಾಡಿ, ಅರ್ಜಿ ಹಾಕುವ ದಿನ ಈ ಸಾಲು ಓದಿ ಕಂಗಾಲಾಗುವವರಿದ್ದಾರೆ. ಎರಡು ವರ್ಷ ಮೊದಲೇ ಓದಿದ್ದರೆ ಆ ನೋವು ತಪ್ಪುತ್ತಿತ್ತು.

ಎಂಬಿಬಿಎಸ್ ಆದವರಿಗೆ ಒಂದು ಎಚ್ಚರಿಕೆ. ಎಂಪಿಎಚ್‌ಗೆ ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿ ಬೇಕಿಲ್ಲ, ಆದರೆ ಅದು ಸಮುದಾಯ ವೈದ್ಯಶಾಸ್ತ್ರದ ಎಂ.ಡಿ.ಗೆ ಸಮವೂ ಅಲ್ಲ. ಮೈಸೂರು ಮೆಡಿಕಲ್ ಕಾಲೇಜಿನಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಆ ವಿಭಾಗದ ಪ್ರಾಧ್ಯಾಪಕರಾಗುವ ಆಸೆಯಿದ್ದರೆ ಎಂ.ಡಿ. ದಾರಿಯನ್ನೇ ಹಿಡಿಯಿರಿ. ನಂಜನಗೂಡಿನ ಕಾರ್ಖಾನೆಗಳಲ್ಲಿ ವೈದ್ಯಾಧಿಕಾರಿಯಾಗುವ ಯೋಚನೆಯಿದ್ದರೆ ಅಲ್ಲಿ ಕೇಳುವುದು ಔದ್ಯೋಗಿಕ ಆರೋಗ್ಯದ ಎಎಫ್‌ಐಎಚ್ ತರಬೇತಿ. ಆಡಳಿತ, ರೋಗ ಸರ್ವೇಕ್ಷಣೆ, ಸಂಶೋಧನೆ ಇಷ್ಟಪಡುವ ವೈದ್ಯರಿಗೆ ಎಂಪಿಎಚ್ ಒಪ್ಪುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಈ ಪದವಿಯಿಂದ ಹೆಚ್ಚು ಲಾಭ ಬಿ.ಎಸ್ಸಿ. ನರ್ಸಿಂಗ್, ಬಿಡಿಎಸ್, ಆಯುಷ್ ಓದಿದವರಿಗೆ. ವಾರ್ಡು, ಕ್ಲಿನಿಕ್ಕು ಬಿಟ್ಟು ಕಾರ್ಯಕ್ರಮ ನಡೆಸುವ ಕುರ್ಚಿಗೆ ಬರಲು ಅವರಿಗೆ ಇದು ನೇರ ಮೆಟ್ಟಿಲು. ಆಸ್ಪತ್ರೆ ಸ್ವಚ್ಛತೆಯ ಕಾಯಕಲ್ಪ, ಹೆರಿಗೆ ಕೋಣೆಯ ಲಕ್ಷ್ಯದಂಥ ಗುಣಮಟ್ಟದ ಕಾರ್ಯಕ್ರಮಗಳಲ್ಲಿ ಆಸ್ಪತ್ರೆಯ ಒಳಹೊರಗು ಬಲ್ಲವರೇ ಬೇಕು. ಬಿ.ಎಸ್ಸಿ., ಬಿಎಸ್‌ಡಬ್ಲ್ಯು (ಸಮಾಜಕಾರ್ಯ) ಆದವರಿಗೆ ಸಂಶೋಧನಾ ಯೋಜನೆಗಳು, ಸ್ವಯಂಸೇವಾ ಸಂಸ್ಥೆಗಳು, ದತ್ತಾಂಶದ ಕೆಲಸ ತೆರೆದಿರುತ್ತವೆ. 1984ರಲ್ಲಿ ಶುರುವಾಗಿ, ಎಚ್.ಡಿ. ಕೋಟೆ, ಸರಗೂರು ಭಾಗದ ಬುಡಕಟ್ಟು ಹಾಡಿಗಳಲ್ಲಿ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥ ಸಂಸ್ಥೆಗಳು ನಮ್ಮ ಆಸುಪಾಸಿನಲ್ಲೇ ಇವೆ.

ಕಾಲೇಜಿನ ವಿಚಾರ. ಮೈಸೂರಿನಲ್ಲೇ ಜೆಎಸ್‌ಎಸ್ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಎಂಪಿಎಚ್ ಇದೆ. ಬೆಂಗಳೂರಿನ ನಿಮ್ಹಾನ್ಸ್, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರಗಳೂ ನಡೆಸುತ್ತವೆ. ಎಲ್ಲೇ ಸೇರಿದರೂ ಶುಲ್ಕ ಕಟ್ಟುವ ಮೊದಲು ಕೇಳಿ: ಕ್ಷೇತ್ರ ಕಾರ್ಯ ಎಷ್ಟು ವಾರ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ)? ಹಿಂದಿನ ಬ್ಯಾಚಿನವರು ಈಗ ಯಾವ ಹುದ್ದೆಯಲ್ಲಿದ್ದಾರೆ? ಉತ್ತರದಲ್ಲಿ ಹುದ್ದೆಯ ಹೆಸರು ಬಾರದೆ 'ಒಳ್ಳೆಯ ಅವಕಾಶಗಳಿವೆ' ಎಂದಷ್ಟೇ ಬಂದರೆ ಹಳೆಯ ವಿದ್ಯಾರ್ಥಿಗಳನ್ನು ನೀವೇ ಹುಡುಕಿ ಮಾತಾಡಿಸಿ.

ಸೇರಿದ ಮೇಲೆ ಕೈಗೆ ಹತ್ತಿಸಿಕೊಳ್ಳಬೇಕಾದದ್ದು ಲೆಕ್ಕ. ಸಂದರ್ಶನದಲ್ಲಿ ತೊಡರುವುದೂ ಇಲ್ಲೇ. ಡೆಂಗಿಯನ್ನೇ ತೆಗೆದುಕೊಳ್ಳಿ, ಕರ್ನಾಟಕ 2024ರಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಲಾರ್ವಾ ಸಮೀಕ್ಷೆಯಲ್ಲಿ 100 ಮನೆ ನೋಡಿದಿರಿ, 8 ಮನೆಗಳಲ್ಲಿ ಲಾರ್ವಾ ಸಿಕ್ಕಿತು. ತೊಟ್ಟಿ, ಡ್ರಮ್ಮು, ತೆಂಗಿನ ಚಿಪ್ಪು ಎಲ್ಲ ಸೇರಿ 300ರಲ್ಲಿ 12ರಲ್ಲಿ ಲಾರ್ವಾ ಇತ್ತು. ಮನೆ ಸೂಚ್ಯಂಕ, ಅಂದರೆ ಲಾರ್ವಾ ಸಿಕ್ಕ ಮನೆಗಳ ಶೇಕಡಾವಾರು, 8; ಪಾತ್ರೆ ಸೂಚ್ಯಂಕ, ಅಂದರೆ ಲಾರ್ವಾ ಇದ್ದ ಪಾತ್ರೆಗಳ ಶೇಕಡಾವಾರು, 4. ಬ್ರೆಟೋ ಸೂಚ್ಯಂಕ, ಅಂದರೆ 100 ಮನೆಗೆ ಎಷ್ಟು ಲಾರ್ವಾ ಇರುವ ಪಾತ್ರೆ ಎಂಬುದು, 12. ಹೆಚ್ಚಿನವರು ಎಡವುವುದು ಕೊನೆಯದರಲ್ಲಿ: 12ನ್ನು 300ರಿಂದ ಭಾಗಿಸಿಬಿಡುತ್ತಾರೆ. ಭಾಗಿಸಬೇಕಾದದ್ದು ಮನೆಗಳ ಸಂಖ್ಯೆಯಿಂದ.

ಪದವಿಗಾಗಿ ಬರೆಯುವ ಸಂಶೋಧನಾ ಪ್ರಬಂಧಕ್ಕೆ ಬೇಕಾದ ಮಾದರಿ ಗಾತ್ರ, ಅಂದರೆ ಎಷ್ಟು ಜನರ ಸಮೀಕ್ಷೆ ಮಾಡಬೇಕು ಎಂಬುದೂ ಹೀಗೆಯೇ. ನೀವು ಅಳೆಯುವ ಸಮಸ್ಯೆ ಎಷ್ಟು ಜನರಲ್ಲಿದೆ ಎಂಬ ಪ್ರಮಾಣ ಗೊತ್ತಿಲ್ಲದಿದ್ದರೆ ಶೇ 50 ಎಂದು ಹಿಡಿದು, ಶೇ 5ರ ತಪ್ಪಿಗೆ ಅವಕಾಶವಿಟ್ಟು, ಶೇ 95ರ ವಿಶ್ವಾಸ ಮಟ್ಟಕ್ಕೆ 1.96 × 1.96 × 0.5 × 0.5 ಮಾಡಿ 0.0025ರಿಂದ (0.05 × 0.05) ಭಾಗಿಸಿ. ಬರುವುದು 384.16, ಅಂದರೆ 385 ಜನ. ಊರುಗಳನ್ನು ಗುಂಪಾಗಿ ಆರಿಸಿದರೆ ಒಂದೇ ಊರಿನವರು ಪರಸ್ಪರ ಹೋಲುವುದಕ್ಕಾಗಿ ಮಾದರಿ ಹೆಚ್ಚಿಸುವ 'ವಿನ್ಯಾಸ ಪರಿಣಾಮ' 2 ಎಂದುಕೊಂಡು 770. ಹತ್ತರಲ್ಲಿ ಒಬ್ಬರು ಉತ್ತರ ಕೊಡದಿರಬಹುದು, 0.9ರಿಂದ ಭಾಗಿಸಿ 856. ಈ ಸಂಖ್ಯೆ ನೋಡಿದ ಮೇಲೆ ಒಬ್ಬರೇ ಮೂರು ತಿಂಗಳಲ್ಲಿ ಮುಗಿಸಬಹುದೇ ಎಂದು ಯೋಚಿಸಿ. ಆಗದಿದ್ದರೆ ವಿಷಯವನ್ನೇ ಕಿರಿದು ಮಾಡಿ. ಅಂಕಿಅಂಶ ವಿಶ್ಲೇಷಿಸುವ ಆರ್, ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶಗಳೆರಡೂ ಉಚಿತ. ಮೊದಲ ಸೆಮಿಸ್ಟರ್‌ನಲ್ಲೇ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ.

ವಿಷಯವನ್ನು ಇಲ್ಲಿಂದಲೇ ಆರಿಸಿ: ಆಲೆಮನೆಗಳಿಗೆ ಹೊರಗಿನಿಂದ ಬಂದು ದುಡಿಯುವ ಕುಟುಂಬಗಳ ಮಕ್ಕಳ ಲಸಿಕೆ, ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣೆ, ಮಂಡ್ಯದಲ್ಲಿ ಗರ್ಭಲಿಂಗ ಪತ್ತೆ ತಡೆ ಕಾಯ್ದೆಯ ಜಾರಿ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲೇ ಭ್ರೂಣಲಿಂಗ ಪತ್ತೆಯ ಜಾಲ ಬಯಲಾಗಿದ್ದು ಮರೆಯುವಂಥದ್ದಲ್ಲ. ನಾಲೆ ನೀರಿನ ಬೆನ್ನಿಗೆ ಮಲೇರಿಯಾ ಕಂಡ ನೆಲವಿದು. ಸಂಸ್ಥಾನದ ಕಾಲದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕ ನಡೆದಿತ್ತು. ಊರಿನ ಸಮಸ್ಯೆಯ ಮೇಲಿನ ಪ್ರಬಂಧವಿದ್ದರೆ ಸಂದರ್ಶನದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರೊಂದಿಗೆ ಮಾತಿಗೆ ವಿಷಯ ಸಿಗುತ್ತದೆ. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಗೆ ಎರಡನೇ ಸೆಮಿಸ್ಟರ್‌ನಲ್ಲೇ ಅರ್ಜಿ ಕೊಡಿ. ಸಮಿತಿ ಸೇರುವುದು ತಡವಾದರೆ, ತಿದ್ದುಪಡಿ ಕೇಳಿದರೆ, ಇಡೀ ವೇಳಾಪಟ್ಟಿ ಜಾರುತ್ತದೆ. ಅನುಮತಿಗೆ ಮುಂಚೆ ಕಲೆಹಾಕಿದ ಮಾಹಿತಿಯನ್ನು ಬಳಸುವಂತಿಲ್ಲ.

ಕ್ಷೇತ್ರ ಕಾರ್ಯದ ವಾರಗಳಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆ ತಿರುಗಿ. ಕ್ಷಯರೋಗಿಗಳ ನಿಕ್ಷಯ, ರೋಗ ಸರ್ವೇಕ್ಷಣೆಯ ಐಎಚ್‌ಐಪಿ ಪೋರ್ಟಲ್‌ಗಳಿಗೆ ಉಪಕೇಂದ್ರದಿಂದ ಮಾಹಿತಿ ಹೇಗೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕೂತು ನೋಡಿ. ಬಯಲು ಸೀಮೆಯಲ್ಲಿ ಪಿಎಚ್‌ಸಿಗೆ 30,000 ಜನ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000. ಉಪಕೇಂದ್ರಕ್ಕೆ 5,000 ಮತ್ತು 3,000. ಇವು ಬಾಯಲ್ಲಿರಬೇಕು.

ಗುತ್ತಿಗೆ ಹುದ್ದೆ ವರ್ಷ ವರ್ಷ ನವೀಕರಣವಾಗುವಂಥದ್ದು, ಕಾಯಂ ಅಲ್ಲ. ಸಾಲ ಮಾಡಿ ಓದುವವರು ಕಂತಿನ ಲೆಕ್ಕ ಹಾಕುವಾಗ ಇದನ್ನು ಮನೆಯಲ್ಲಿ ಮೊದಲೇ ಹೇಳಿ. ಹಾಗೆಯೇ ಪ್ರತಿ ಕೆಲಸ ಬಿಡುವಾಗಲೂ ಅನುಭವ ಪತ್ರ ಪಡೆಯಿರಿ. ಅದರಲ್ಲಿ ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ಸಹಿ, ಮೊಹರು ನಾಲ್ಕೂ ಇರಲಿ. ಇಂಟರ್ನ್‌ಶಿಪ್ಪನ್ನು ಬಹಳ ಕಡೆ ಅನುಭವವೆಂದು ಎಣಿಸುವುದಿಲ್ಲ, ಆದ್ದರಿಂದ ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿ ಬರೆಸಿಕೊಳ್ಳಬೇಡಿ.