ಕಾಯಿಲೆಯಲ್ಲಿರುವ ಹಿರಿಯರ ಭಕ್ತಿ ಮತ್ತು ನೆಮ್ಮದಿ: ಮನೆಯವರು ಮಾಡಬೇಕಾದದ್ದು

ಮೈಗೆ ಕಾಯಿಲೆ ಅಂಟಿಕೊಂಡಾಗ ಮನಸ್ಸಿನ ನೆಮ್ಮದಿಯೂ ಕದಡುತ್ತದೆ. ದೈವಭಕ್ತಿಯುಳ್ಳ ಹಿರಿಯರಲ್ಲಿ ಅದು ಎಷ್ಟು ಕದಡೀತು ಎಂಬುದು ಅವರು ದೇವರನ್ನು ಹೇಗೆ ನಂಬಿದ್ದಾರೆ, ಯಾರೊಡನೆ ಕೂಡಿ ಭಜಿಸುತ್ತಾರೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಮೊದಲು, ಹಿರಿಯರು ತಮ್ಮ ಕಾಯಿಲೆಗೆ ಯಾವ ಕಾರಣ ಹೇಳಿಕೊಳ್ಳುತ್ತಿದ್ದಾರೆ ಎಂಬುದನ್ನು ಅಡ್ಡಬಾಯಿ ಹಾಕದೆ ಕೇಳಿ. ಮಲೆನಾಡಿನ ಮನೆಗಳಲ್ಲಿ ‘ಚೌಡಿಯ ಹರಕೆ ಬಾಕಿ ಉಳಿಯಿತು, ಅದಕ್ಕೇ ಕಾಲು ಹಿಡಿದುಕೊಂಡಿತು’ ಎಂಬಂಥ ಮಾತು ಅಪರೂಪವಲ್ಲ. ಅದನ್ನು ಹಗುರವಾಗಿ ಕಾಣಬಾರದು. ಅಮೆರಿಕದ ಮನೋವಿಜ್ಞಾನಿ ಕೆನ್ನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾಗಿದ್ದ 596 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ತಮ್ಮನ್ನು ಕೈಬಿಟ್ಟನೆಂಬಂಥ ಕೊರಗಿನಲ್ಲಿದ್ದವರಿಗೆ ಸಾವಿನ ಸಂಭವ ಹೆಚ್ಚಾಗಿತ್ತು. ಈ ಕೊರಗು ವಾದದಿಂದ ಕಳೆಯುವಂಥದ್ದಲ್ಲ. ಬಾಕಿ ಹರಕೆಯನ್ನು ಸಾಲ ಮಾಡದೆ ಸರಳವಾಗಿ ಒಪ್ಪಿಸಿ, ‘ಹರಕೆ ಸಂದಿತು’ ಎಂದು ಅರ್ಚಕರ ಬಾಯಿಂದಲೇ ಹೇಳಿಸಿ. ವೈದ್ಯರ ಭೇಟಿಯನ್ನು ಮಾತ್ರ ಅದಕ್ಕಾಗಿ ಒಂದು ದಿನವೂ ಮುಂದೂಡಬೇಡಿ.

ಎರಡನೆಯದು ಜೊತೆಗಾರರ ವಿಚಾರ; ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. ಅಮೆರಿಕದ ಚರ್ಚುಗಳಿಗೆ ಹೋಗುವವರ ಬದುಕಿನ ತೃಪ್ತಿಗೆ ಅಲ್ಲಿ ಬೆಳೆದ ಗೆಳೆತನವೇ ಮುಖ್ಯ ಕಾರಣವೆಂದು 2010ರಲ್ಲಿ ಸಮಾಜವಿಜ್ಞಾನಿಗಳಾದ ಲಿಮ್ ಮತ್ತು ಪಟ್ನಮ್ ತೋರಿಸಿದರು. ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ನಡುವಿನ ಒಂಟಿ ಮನೆಗಳಲ್ಲಿ ಮಳೆಗಾಲ ಹಿಡಿದರೆ, ಮಂಡಿನೋವಿನವರು ಜಾರುವ ದಾರಿಯಲ್ಲಿ ದೇವಸ್ಥಾನಕ್ಕೆ ಹೋಗಲಾರದೆ ತಿಂಗಳುಗಟ್ಟಲೆ ಒಬ್ಬರೇ ಉಳಿಯುತ್ತಾರೆ. ಆಗ ವಾರಕ್ಕೊಮ್ಮೆ ಭಜನೆಯನ್ನು ಅವರ ಮನೆಯ ಜಗಲಿಗೇ ತನ್ನಿ, ಕುರ್ಚಿ ಹಾಕಿ ಕೂರಿಸಿ, ಮೊದಲ ಹಾಡನ್ನು ಅವರಿಂದಲೇ ಹೇಳಿಸಿ. ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವ ಆಸೆಯಿದ್ದರೆ, 2025ರಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಲಾಂಚ್‌ಗೆ ಕಾಯುವ ಕಷ್ಟವಿಲ್ಲ.

ಉಪವಾಸದಲ್ಲಿ ಎಚ್ಚರ ಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಏಕಾದಶಿಗೆ ಮೊದಲೇ ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸವನ್ನು ಅಲ್ಲಿಗೇ ಬಿಡಿಸಬೇಕು. ರಂಜಾನ್ ಉಪವಾಸದಿಂದ ರೋಗಿಗಳಿಗೆ ಕುರ್‌ಆನಿನಲ್ಲೇ ವಿನಾಯಿತಿಯಿದೆ.

‘ದೇವರಿದ್ದಾನೆ’ ಎಂದು ನೋವನ್ನು ನುಂಗಿಕೊಳ್ಳುವವರನ್ನು ‘ಹೇಗಿದ್ದೀರಿ’ ಎಂದಷ್ಟೇ ಕೇಳಿ ಸುಮ್ಮನಾಗದೆ, ಏದುಸಿರು, ಕಾಲಿನ ಊತ, ನಿದ್ರೆಯ ಬಗ್ಗೆ ಬಿಡಿಬಿಡಿಯಾಗಿ ವಿಚಾರಿಸಿ. ಬಾಯಿ ಸೊಟ್ಟಗಾದರೆ, ಒಂದು ಪಕ್ಕದ ಕೈಕಾಲು ಸೋತರೆ ಪ್ರಸಾದ ಕೇಳಲು ನಿಲ್ಲದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೊರಡಿ: ಮೆದುಳಿನ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಘಟ್ಟದ ದಾರಿಯೇ ಅದರಲ್ಲಿ ಬಹಳಷ್ಟನ್ನು ತಿನ್ನುತ್ತದೆ.